ಹನುಮಂತನಗರದ ಇಳಿಜಾರಿನಲ್ಲಿ ಮನೆ ಮಾರಾಟಕ್ಕಿದೆ

ಜಾಹೀರಾತು ಎರಡೇ ಸಾಲಿನದು. ಹನುಮಂತನಗರ, 30x40, ಪೂರ್ವದ ಬಾಗಿಲು, ಎ ಖಾತಾ, ಕಾವೇರಿ ನೀರು, ಹಳೇ ಮನೆ, ಸೈಟಿನ ಬೆಲೆಗೆ. ಗೋಡೆ, ತಾರಸಿ, ತೇಗದ ಬಾಗಿಲು, ದೇವರಮನೆ ಯಾವುದೂ ಇಲ್ಲಿ ಲೆಕ್ಕಕ್ಕಿಲ್ಲ. 1,200 ಚದರ ಅಡಿ ನೆಲಕ್ಕೆ ಮಾತ್ರ ರೇಟು. ಕಟ್ಟಿಸಿದ ಹಿರಿಯರು ಎದುರಿಗೆ ಕೂತಿದ್ದರೂ ಬ್ರೋಕರುಗಳು ಇದನ್ನು ನಿಸ್ಸಂಕೋಚವಾಗಿ ಹೇಳುತ್ತಾರೆ. ವ್ಯಾಪಾರದ ಲೆಕ್ಕದಲ್ಲಿ ಅವರು ಹೇಳುವುದು ಸರಿಯೇ ಇರಬಹುದು. ಆದರೆ ಸುತ್ತ ಕಾಂಪೌಂಡು, ಮುಂದೆ ನಾಲ್ಕು ಹೂಗಿಡ, ಕೆಳಗೆ ಮನೆಯವರು, ಮೇಲೆ ಬಾಡಿಗೆಯವರು ಎಂಬ ಈ ಮಾದರಿಯ ಮನೆ ತಾನಾಗಿ ಎದ್ದು ನಿಂತದ್ದಲ್ಲ. ಅದರ ಹಿಂದೆ ಒಂದು ಊರಿನ ಅರ್ಧ ಶತಮಾನಕ್ಕೂ ಮಿಕ್ಕಿದ ತೀರ್ಮಾನಗಳಿವೆ.

ಶುರುವಾದದ್ದು ಪಕ್ಕದ ಬಸವನಗುಡಿಯಲ್ಲಿ. 1898ರಲ್ಲಿ ಪ್ಲೇಗು ಬಂದಾಗ ಪೇಟೆಯ ಇಕ್ಕಟ್ಟಿನ ಓಣಿಗಳೇ ಜನರ ಪ್ರಾಣಕ್ಕೆ ಎರವಾದವು. ಗಾಳಿ ಬೆಳಕು ಆಡುವಂತೆ, ಮನೆಗೂ ಮನೆಗೂ ನಡುವೆ ಜಾಗ ಬಿಟ್ಟು ಕಟ್ಟಬೇಕೆಂಬ ವಿಚಾರಕ್ಕೆ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳಲ್ಲಿ ಆಕಾರ ಸಿಕ್ಕಿತು. ಒಂಟಿ ಮನೆ ಬೆಂಗಳೂರಿನ ಮಧ್ಯಮ ವರ್ಗದ ಕನಸಾಗುವುದಕ್ಕಿಂತ ಮೊದಲು ಆರೋಗ್ಯದ ಏರ್ಪಾಡಾಗಿತ್ತು. ಮುಂದೆ 1945ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಹುಟ್ಟಿತು. 1948ರಲ್ಲಿ ಗವರ್ನರ್ ಜನರಲ್ ಆಗಿದ್ದ ರಾಜಾಜಿ ಜಯನಗರಕ್ಕೆ ಅಡಿಗಲ್ಲು ಹಾಕಿದರು. ಬಸವನಗುಡಿಗೂ ಜಯನಗರಕ್ಕೂ ಆಚೆಗಿನ ಗವೀಪುರ, ಹೊಸಕೆರೆಹಳ್ಳಿ, ಕತ್ತರಿಗುಪ್ಪೆಗಳ ಹೊಲ, ಬಂಡೆ, ತೋಪುಗಳು ಒಂದೊಂದಾಗಿ ಸರ್ವೆ ನಂಬರು ಕಳೆದುಕೊಂಡು ಸೈಟ್ ನಂಬರು ಪಡೆದವು. 1976ರಲ್ಲಿ ಬೋರ್ಡಿನ ಜಾಗಕ್ಕೆ ಬಿಡಿಎ ಬಂದರೂ ಹಳಬರು ಇವತ್ತಿಗೂ ‘ನಮ್ಮದು ಸಿಐಟಿಬಿ ಸೈಟು’ ಎಂದೇ ಹೇಳುವುದುಂಟು. ಆ ಮಾತಿನಲ್ಲಿ, ಕಾಗದಪತ್ರದಲ್ಲಿ ತೊಡಕಿಲ್ಲ ಎಂಬ ಧೈರ್ಯ ಇದೆ.

ಹನುಮಂತನಗರದ ನೆಲ ಜಯನಗರದಂತೆ ಸಮತಟ್ಟಲ್ಲ. ಒಂದು ಕಡೆ ರಾಮಾಂಜನೇಯ ಗುಡ್ಡ, ಇನ್ನೊಂದು ಕಡೆ ಕುಮಾರಸ್ವಾಮಿ ದೇವಸ್ಥಾನವಿರುವ ನರಹರಿರಾಯನ ಗುಡ್ಡ. ಈ ಎರಡನೆಯ ಗುಡ್ಡಕ್ಕೆ ಮೌಂಟ್ ಜಾಯ್ ಎಂಬ ಹೆಸರೂ ಇದೆ. ಅಡ್ಡರಸ್ತೆಗಳು ಏರಿ ಇಳಿಯುತ್ತವೆ. ಇಂಥ ಕಡೆ ಮನೆಯ ಪಾಯ ಒಂದು ಮೂಲೆಯಲ್ಲಿ ಎರಡಡಿಯಿದ್ದರೆ ಇನ್ನೊಂದು ಮೂಲೆಯಲ್ಲಿ ಆರಡಿ ಏಳುತ್ತದೆ. ಗೇಟಿನಿಂದ ಜಗಲಿಗೆ ನಾಲ್ಕೈದು ಮೆಟ್ಟಿಲು ಬಂದದ್ದು ಹೀಗೆ.

ಇಂಥ ಮನೆಗಳನ್ನು ಕಟ್ಟಿಸಿದವರು ಶ್ರೀಮಂತರಲ್ಲ. ಮೇಷ್ಟ್ರು, ಬ್ಯಾಂಕಿನ ಗುಮಾಸ್ತರು, ಸೆಕ್ರೆಟೇರಿಯಟ್ಟಿನವರು, ಐಟಿಐ, ಎಚ್‌ಎಂಟಿ, ಮೈಕೋ ಕಾರ್ಖಾನೆಗಳ ನೌಕರರು. ಪಿಎಫ್‌ನಿಂದ ಒಂದಿಷ್ಟು, ಇಲಾಖೆಯ ಅಡ್ವಾನ್ಸು, ಎಲ್‌ಐಸಿ ಸಾಲ, ಮನೆಯಾಕೆಯ ಬಳೆ. ಹಣ ಹೊಂದಿಸಿದರೂ ಸಿಮೆಂಟು ಸಿಗುತ್ತಿರಲಿಲ್ಲ. ಅದು ಸರ್ಕಾರದ ಹತೋಟಿಯಲ್ಲಿದ್ದ ಸರಕು. ಪರ್ಮಿಟ್ ಹಿಡಿದು ಕಾಯಬೇಕಿತ್ತು. ಹತೋಟಿ ಸ್ವಲ್ಪ ಸಡಿಲಾದದ್ದು 1982ರಲ್ಲಿ, ಪೂರ್ತಿ ಹೋದದ್ದು 1989ರಲ್ಲಿ. ಆ ಕಾಲದ ಮನೆಗಳು ಕಂತು ಕಂತಾಗಿ ಬೆಳೆದದ್ದು ಅದಕ್ಕೇ. ಮೊದಲು ಹಾಲ್, ಒಂದು ರೂಮು, ಅಡುಗೆಮನೆ, ಗೃಹಪ್ರವೇಶ. ಮಕ್ಕಳು ಹೈಸ್ಕೂಲಿಗೆ ಬರುವಾಗ ಹಿಂದುಗಡೆ ಇನ್ನೊಂದು ರೂಮು. ರಿಟೈರ್ ಆಗುವ ಹೊತ್ತಿಗೆ ಮೇಲ್ಮನೆ. ತಾರಸಿಯ ಮೇಲೆ ಕಂಬಿಗಳನ್ನು ಹಾಗೇ ಬಿಟ್ಟಿರುತ್ತಿದ್ದುದು ಮುಂದಿನ ಮಹಡಿಯ ಆಸೆಗೆ.

ಒಳಗೆ ಕಾಲಿಟ್ಟರೆ ಮೊದಲು ಕಣ್ಣಿಗೆ ಬೀಳುವುದು ರೆಡ್ ಆಕ್ಸೈಡಿನ ಕೆಂಪು ನೆಲ, ಅಂಚಿಗೆ ಕಪ್ಪು ಪಟ್ಟಿ. ಇದು ಅಂಗಡಿಯಲ್ಲಿ ಕೊಂಡು ತಂದು ಅಂಟಿಸುವ ವಸ್ತುವಲ್ಲ. ಗಾರೆ ಕೆಲಸದವರು ಸಿಮೆಂಟಿಗೆ ಬಣ್ಣದ ಪುಡಿ ಕಲಸಿ, ಒದ್ದೆ ನೆಲದ ಮೇಲೆ ತೆಳುವಾಗಿ ಹರಡಿ, ಹದ ನೋಡಿ ಕರಣೆಯಲ್ಲಿ ಉಜ್ಜಬೇಕು. ಒಂದು ಕೋಣೆಯನ್ನು ಹಿಡಿದರೆ ಅದೇ ದಿನ ಮುಗಿಸಬೇಕು. ನಡುವೆ ಬಿಟ್ಟು ಎದ್ದರೆ ಮಾರನೆಯ ದಿನ ಸೇರಿಸಿದ ಗೆರೆ ಜನ್ಮಪೂರ್ತಿ ಕಾಣುತ್ತದೆ. ಆಮೇಲೆ ದಿನಗಟ್ಟಲೆ ನೀರು ನಿಲ್ಲಿಸಿ ಹದಗೊಳಿಸಬೇಕು. ಇಷ್ಟಾದ ನೆಲ ದಶಕಗಳ ಕಾಲ ಒರೆಸಿದಷ್ಟೂ ಹೊಳೆಯುತ್ತದೆ, ಬೇಸಿಗೆಯಲ್ಲಿ ಚಾಪೆ ಇಲ್ಲದೆ ಮಲಗಬಹುದು. ಅಡುಗೆಮನೆಯಲ್ಲಿ ಕಡಪ ಕಲ್ಲಿನ ಕಟ್ಟೆ, ಹಿತ್ತಲಲ್ಲಿ ಒಗೆಯುವ ಕಲ್ಲು, ಬಚ್ಚಲಿನ ಮೂಲೆಯಲ್ಲಿ ಹಂಡೆಯ ಒಲೆಯಿದ್ದ ಜಾಗದ ಮಸಿ. ಗೇಟಿನ ಪಕ್ಕದ ಸಂಪು ನಗರದ ಚರಿತ್ರೆಯ ಒಂದು ಅಧ್ಯಾಯ: ಕಾವೇರಿಯ ಮೊದಲ ಹಂತದ ನೀರು ಬೆಂಗಳೂರಿಗೆ ಬಂದದ್ದು 1974ರಲ್ಲಿ. ದಿನ ಬಿಟ್ಟು ದಿನ ಬರುವ ಆ ನೀರನ್ನು ಹಿಡಿದಿಡಲು ಒಂದೊಂದು ಮನೆಯೂ ನೆಲದಡಿ ತನ್ನದೇ ತೊಟ್ಟಿ ಕಟ್ಟಿಕೊಂಡಿತು.

ಮೇಲ್ಮನೆಯ ಬಾಡಿಗೆ ಆ ಮನೆಗಳ ಪೆನ್ಷನ್ನು. ಕೆಲವರು ಬಾಡಿಗೆ ಬಿಟ್ಟು ಭೋಗ್ಯಕ್ಕೆ ಕೊಟ್ಟು, ಬಂದ ಗಂಟಿನಲ್ಲಿ ಮಗಳ ಮದುವೆ ಮಾಡಿದರು. 1972ರಲ್ಲಿ ಹುಟ್ಟಿದ ಪಿಇಎಸ್ ಸಂಸ್ಥೆ ಇಲ್ಲೇ 50 ಅಡಿ ರಸ್ತೆಯಲ್ಲಿ ಬೆಳೆದ ಮೇಲೆ ರೂಮು ಕೇಳಿಕೊಂಡು ಬರುವ ಹುಡುಗರಿಗೂ ಕೊರತೆಯಾಗಲಿಲ್ಲ.

ಈಗ ಮಾರಾಟಕ್ಕೆ ಬರೋಣ. ಹೋಲಿಕೆಗೆ ನೋಡಿದರೆ, ಇಂಗ್ಲೆಂಡಿನಲ್ಲಿ ಥೇಮ್ಸ್ ದಡದ ಹಳ್ಳಿಯೊಂದರಲ್ಲಿ ಇಂಥದೇ ಒಂಟಿ ಮನೆ ಮಾರುವವರಿಗೆ ಒಂದು ಅನುಕೂಲವಿದೆ. ಅಲ್ಲಿ 1862ರಲ್ಲೇ ಲ್ಯಾಂಡ್ ರಿಜಿಸ್ಟ್ರಿ ಬಂತು. ನೋಂದಣಿಯಾದ ಆಸ್ತಿಯ ಒಡೆತನಕ್ಕೆ ಸರ್ಕಾರವೇ ಹೊಣೆ. ನಮ್ಮ 1908ರ ನೋಂದಣಿ ಕಾಯ್ದೆಯಡಿ ದಾಖಲಾಗುವುದು ಪತ್ರ ಮಾತ್ರ, ಒಡೆತನಕ್ಕೆ ಖಾತರಿ ಇಲ್ಲ. ಹಾಗಾಗಿ ಕೊಳ್ಳುವವರ ವಕೀಲರು ಮೂಲಪತ್ರದಿಂದ ಹಿಡಿದು ಇವತ್ತಿನವರೆಗೆ ಪ್ರತಿಯೊಂದು ಕೊಂಡಿಯನ್ನೂ ಕೇಳುತ್ತಾರೆ. ಹಂಚಿಕೆ ಪತ್ರ, ಲೀಸ್ ಕಂ ಸೇಲ್ ಕರಾರು, ಶುದ್ಧ ಕ್ರಯಪತ್ರ, ಮಂಜೂರಾದ ಪ್ಲ್ಯಾನು, ಮೂವತ್ತು ವರ್ಷದ ಇ.ಸಿ., ಕಂದಾಯದ ರಸೀದಿಗಳು. 2024ರಿಂದ ಇ-ಖಾತಾ ಇಲ್ಲದೆ ನಗರದಲ್ಲಿ ನೋಂದಣಿಯೇ ಆಗದು. ಗೋದ್ರೆಜ್ ಬೀರುವಿನ ಒಳಖಾನೆಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಮಡಿಸಿಟ್ಟ ಆ ಕಂತೆಯನ್ನು ಮಕ್ಕಳು ಮೊದಲ ಸಲ ಬಿಚ್ಚಿ ಓದುವುದು ಮನೆ ಮಾರುವಾಗಲೇ. ಅಪ್ಪ ಎಷ್ಟು ವರ್ಷ ಕಂತು ಕಟ್ಟಿದ್ದರು, ಯಾವ ವರ್ಷ ಸಾಲ ತೀರಿ ಪತ್ರ ಬ್ಯಾಂಕಿನಿಂದ ವಾಪಸ್ ಬಂತು, ಎಲ್ಲವೂ ಅಲ್ಲಿದೆ.

ಆ ಹಿರಿಯರು ಉಯಿಲು ಬರೆಯದೆ ತೀರಿಕೊಂಡಿದ್ದರೆ ವಂಶವೃಕ್ಷ ಬೇಕು, ಎಲ್ಲ ವಾರಸುದಾರರ ಸಹಿ ಬೇಕು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೇ ತಂದೆಯ ಸ್ವಯಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಪಾಲಿತ್ತು. ಪಿತ್ರಾರ್ಜಿತದಲ್ಲೂ ಸಮಪಾಲು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲಿ, ಕೇಂದ್ರಕ್ಕಿಂತ 11 ವರ್ಷ ಮೊದಲೇ ತಂದಿತು. ಆದರೂ ‘ಅಕ್ಕ ಒಂದು ಹಕ್ಕು ಬಿಡುಗಡೆ ಪತ್ರ ಬರೆದುಕೊಟ್ಟರೆ ಸಾಕು’ ಎನ್ನುವ ತಮ್ಮಂದಿರು ಇನ್ನೂ ಇದ್ದಾರೆ. ಅಕ್ಕ ತನ್ನ ಪಾಲು ಕೇಳಿದರೆ ಅದನ್ನು ಜಗಳವೆಂದು ಕರೆಯುವುದು ಅನ್ಯಾಯ. ಆ ಮನೆಗೆ ಬಳೆ ಕೊಟ್ಟ ತಾಯಿಯ ಮಗಳು ಆಕೆ. ಒಬ್ಬ ಮಗ ಡಲ್ಲಾಸಿನಲ್ಲೋ ಮೆಲ್ಬರ್ನಿನಲ್ಲೋ ಇದ್ದರೆ ಭಾರತದ ಕಾನ್ಸುಲೇಟಿನಲ್ಲಿ ದೃಢೀಕರಿಸಿದ ಜಿಪಿಎ ಬರಬೇಕು. ಮಾರುವವರಲ್ಲಿ ಅನಿವಾಸಿಗಳಿದ್ದರೆ ಕೊಳ್ಳುವವರು ಮುರಿಯಬೇಕಾದ ಟಿಡಿಎಸ್ ಲೆಕ್ಕವೂ ಬೇರೆ.

ಪತ್ರದ ಕೊನೆಗೆ ಷೆಡ್ಯೂಲು, ಅದರಲ್ಲಿ ಚಕ್ಕುಬಂದಿ: ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂಥ ನಂಬರಿನ ಸೈಟು. ಈ ಇಳಿಜಾರುಗಳ ಕೆಲವು ಮನೆಗಳಿಗೆ ಒಂದು ದಿಕ್ಕಿನಲ್ಲಿ ಮೋರಿ ಬರುತ್ತದೆ. ಆ ಮೋರಿಗೆ ಹೆಸರಿದೆ, ವೃಷಭಾವತಿ. ದೊಡ್ಡ ಬಸವನ ಪಾದದ ಬಳಿ ಹುಟ್ಟುವ ಹೊಳೆಯೆಂದು ಪ್ರತೀತಿ. ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆಗೆ ಸೇರುವ ಜನ ಅದರ ಮೂಲದ ಮೇಲೇ ಓಡಾಡುತ್ತಾರೆ. ಗುಡ್ಡಗಳ ಈ ಬದಿಯ ನೀರು ಕೆಂಪಾಂಬುಧಿ ಕೆರೆಯ ಕಣಿವೆಯತ್ತ ಇಳಿದು, ಮೈಸೂರು ರಸ್ತೆಯ ಗುಂಟ ಕೆಂಗೇರಿ, ಬೈರಮಂಗಲ ದಾಟಿ ಅರ್ಕಾವತಿಗೆ ಸೇರುತ್ತದೆ. ಇಂಗ್ಲೆಂಡಿನ ಆ ಹಳ್ಳಿಯಲ್ಲಿ ಹೊಳೆ ಕಾಣುವ ಕಿಟಕಿಗೆ ಹೆಚ್ಚು ಬೆಲೆ. ಇಲ್ಲಿ ಹೊಳೆ ಹತ್ತಿರವಿದ್ದರೆ ಬೆಲೆ ಇಳಿಯುತ್ತದೆ. ವಕೀಲರು ಗ್ರಾಮನಕ್ಷೆ ತರಿಸಿ ರಾಜಕಾಲುವೆ ಎಲ್ಲಿ ಹಾದಿದೆ ಎಂದು ನೋಡುತ್ತಾರೆ. ‘ಮಾಸ್ಟರ್ ಪ್ಲ್ಯಾನ್ 2015’ ಕಾಲುವೆಯ ದರ್ಜೆಗೆ ತಕ್ಕಂತೆ 50, 25, 15 ಮೀಟರ್ ಬಿಡಬೇಕೆಂದಿತು. 2016ರಲ್ಲಿ ಹಸಿರು ನ್ಯಾಯಮಂಡಳಿ ಅದನ್ನು ಹಿಗ್ಗಿಸಿತು, 2019ರಲ್ಲಿ ಸುಪ್ರೀಂ ಕೋರ್ಟು ಆ ಆದೇಶವನ್ನು ರದ್ದು ಮಾಡಿತು. ಈ ಎಲ್ಲ ತಕರಾರಿಗೂ ಮೂಲ, ನೀರು ಹರಿಯುವ ಜಾಗವನ್ನು ಬಡಾವಣೆ ಮಾಡುವಾಗಲೇ ಮರೆತದ್ದು. ಆ ಮರೆವಿನಲ್ಲಿ ಹಳೆಯ ಮನೆಗಳೂ ಪಾಲುದಾರರು. ಬಚ್ಚಲಿನ ನೀರು ಹೋದದ್ದು ಅದೇ ಕಣಿವೆಗೆ.

ಕೊಂಡವರು ಸಾಮಾನ್ಯವಾಗಿ ಮಳೆಗಾಲಕ್ಕೆ ಮುಂಚೆ ಕೆಡವುತ್ತಾರೆ. ಬಾಗಿಲು, ಕಿಟಕಿ, ಗ್ರಿಲ್ಲುಗಳು ಹಳೇ ಮರದ ಅಂಗಡಿಗೆ ಹೋಗಿ ಮತ್ತೆ ಮಾರಾಟವಾಗುತ್ತವೆ. ಕೆಂಪು ನೆಲಕ್ಕೆ ಆ ಭಾಗ್ಯವೂ ಇಲ್ಲ, ಅದನ್ನು ಎತ್ತಿ ಬೇರೆಡೆ ಹಾಕಲಾಗದು. ಅಲ್ಲಿ ಏಳುವುದು ಕೆಳಗೆ ಕಾರು ನಿಲ್ಲುವ ಸ್ಟಿಲ್ಟು, ಮೇಲೆ ಮೂರು ನಾಲ್ಕು ಅಂತಸ್ತು. ಹೆಚ್ಚು ಸಂಸಾರಗಳಿಗೆ ನೆಲೆ ಸಿಗುತ್ತದೆ ಎಂಬುದು ನಿಜ, ಅದನ್ನು ಅಲ್ಲಗಳೆಯಲಾರೆ. ಆದರೆ ಗೋಡೆ ಗಟ್ಟಿಯಿರುವ ಮನೆಗಳನ್ನೂ ಸೊನ್ನೆಯೆಂದು ಬರೆದುಬಿಡುವ ರೂಢಿಯನ್ನು ಒಪ್ಪಲಾರೆ. ವೈರಿಂಗು, ಪೈಪು ಬದಲಿಸಿ, ತಾರಸಿಗೆ ನೀರು ಸೋರದಂತೆ ಮಾಡಿಸಿ ಅದೇ ಮನೆಯಲ್ಲಿ ಬಾಳುವ ಕೆಲವರಾದರೂ ಇದ್ದಾರೆ. ಹೊಸದಾಗಿ ಕಟ್ಟುವವರಿಗೆ 2009ರ ಜಲಮಂಡಳಿ ನಿಯಮದ ಪ್ರಕಾರ 30x40ರ ಸೈಟಿನಲ್ಲೂ ಮಳೆನೀರು ಕೊಯ್ಲು ಕಡ್ಡಾಯ. ಪಾಯ ತೋಡುವಾಗಲೇ ಇಳಿಜಾರಿನ ತಗ್ಗಿನ ಮೂಲೆಯಲ್ಲಿ ಆಳವಾದ ಇಂಗುಗುಂಡಿ ತೆಗೆಸಿದರೆ ಖರ್ಚೂ ಕಡಿಮೆ, ಗುಡ್ಡದಿಂದ ಇಳಿದ ಮಳೆ ಮೋರಿ ಸೇರುವ ಮುಂಚೆ ಒಂದಿಷ್ಟಾದರೂ ನೆಲಕ್ಕೆ ಇಳಿಯುತ್ತದೆ.