ವಾಸಿಯಾದದ್ದು ಔಷಧದಿಂದಲೇ?

ಔಷಧ ಸೇವಿಸಿದ ಬಳಿಕ ರೋಗ ಶಮನವಾದರೆ ಔಷಧವೇ ಕಾರಣವೆಂದು ನಾವು ನಂಬುತ್ತೇವೆ. ಆದರೆ ನೆಗಡಿ ತಾನಾಗಿಯೇ ಇಳಿಯುತ್ತದೆ. ಸಂಧಿವಾತ ಏರಿಳಿಯುತ್ತಲೇ ಇರುತ್ತದೆ. ಆದ್ದರಿಂದ ಹೋಲಿಕೆಯಿಲ್ಲದೆ ಸತ್ಯ ತಿಳಿಯದು.

ಸ್ಯಾನಿಟೋರಿಯಂನ ವಿಶ್ರಾಂತಿ, ಪುಷ್ಟಿಕರ ಆಹಾರಗಳಿಲ್ಲದೆ ಕ್ಷಯ ವಾಸಿಯಾಗದೆಂಬುದು ಹಿಂದಿನ ನಂಬಿಕೆ. ಆದರೆ ಎಲ್ಲ ಬಡರೋಗಿಗಳಿಗೂ ಅಲ್ಲಿ ಹಾಸಿಗೆ ದೊರೆಯುತ್ತಿರಲಿಲ್ಲ. 1956ರಲ್ಲಿ ಮದರಾಸಿನಲ್ಲಿ ಆರಂಭವಾದ ಅಧ್ಯಯನವು ಇದನ್ನು ಪರೀಕ್ಷಿಸಿತು. 193 ರೋಗಿಗಳಲ್ಲಿ ಯಾರು ಮನೆಯಲ್ಲಿ, ಯಾರು ಸ್ಯಾನಿಟೋರಿಯಂನಲ್ಲಿ ಎಂಬುದನ್ನು ವೈದ್ಯರು ಆರಿಸಲಿಲ್ಲ. ಚೀಟಿ ಎತ್ತುವಂತೆ ಯಾದೃಚ್ಛಿಕವಾಗಿ ಹಂಚಲಾಯಿತು. ಆರಿಸಿದ್ದರೆ ಬಲಿಷ್ಠರೇ ಒಂದು ಕಡೆ ಸೇರಿ ಹೋಲಿಕೆ ಕೆಡುತ್ತಿತ್ತು. ಎರಡೂ ಗುಂಪಿಗೆ ಅದೇ ಔಷಧ, ಅದೇ ಒಂದು ವರ್ಷದ ಅವಧಿ, ಅದೇ ಕಫಪರೀಕ್ಷೆ. 1959ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಮನೆಯ ಚಿಕಿತ್ಸೆಯೂ ಬಹುಮಟ್ಟಿಗೆ ಅಷ್ಟೇ ಫಲ ನೀಡಿತ್ತು. ಅಸಂಖ್ಯ ಬಡವರಿಗೆ ಬಾಗಿಲು ತೆರೆಯಿತು.

ಹೋಲಿಕೆ, ಯಾದೃಚ್ಛಿಕ ಹಂಚಿಕೆ, ಸಾಕಷ್ಟು ಸಂಖ್ಯೆ, ಸಮಾನ ಅಳತೆ: ಇವೇ ಪ್ರಯೋಗದ ಆಧಾರಸ್ತಂಭಗಳು. ನಮ್ಮ ಆಯುರ್ವೇದದ ಔಷಧಗಳನ್ನೂ ಇದೇ ಒರೆಗಲ್ಲಿಗೆ ಹಚ್ಚಬೇಕು. ಇದರಿಂದ ಶಾಸ್ತ್ರಕ್ಕೆ ಕುಂದಿಲ್ಲ. ಯಾರಿಗೋ ವಾಸಿಯಾಯಿತೆಂಬ ಮಾತು ಕೇಳಿ, ವೈದ್ಯರ ಸಲಹೆಯಿಲ್ಲದೆ ಸಕ್ಕರೆ ಕಾಯಿಲೆಯ, ರಕ್ತದೊತ್ತಡದ ಮಾತ್ರೆಗಳನ್ನು ನಿಲ್ಲಿಸದಿರೋಣ.