ಕಾನೂನುಬದ್ಧ ಪೋಷಕತ್ವ (ನ್ಯಾಷನಲ್ ಟ್ರಸ್ಟ್ ಕಾಯ್ದೆ)

ಕಾನೂನುಬದ್ಧ ಪೋಷಕತ್ವವು ತನ್ನ ಹಣಕಾಸಿನ ವ್ಯವಹಾರವನ್ನು ಸ್ವತಃ ನೋಡಿಕೊಳ್ಳಲಾಗದ ವಯಸ್ಕ ವ್ಯಕ್ತಿಯ ಪರವಾಗಿ ಮಾಸಾಶನ, ಬ್ಯಾಂಕ್ ಖಾತೆ ಹಾಗೂ ಆಸ್ತಿಯನ್ನು ನಿರ್ವಹಿಸಲು ಇನ್ನೊಬ್ಬರಿಗೆ ನೀಡುವ ಅಧಿಕಾರವಾಗಿದೆ. ಭಾರತದಲ್ಲಿ ಇದು ಮುಖ್ಯವಾಗಿ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ದೊರೆಯುತ್ತದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ ಮತ್ತು ಬಹುವಿಧ ಅಂಗವೈಕಲ್ಯ ಎಂಬ ನಾಲ್ಕು ಸ್ಥಿತಿಗಳಿಗೆ ಮಾತ್ರ ಈ ಕಾಯ್ದೆ ಅನ್ವಯಿಸುತ್ತದೆ.

ಹಿನ್ನೆಲೆ

ಮಕ್ಕಳಿಗೆ 18 ವರ್ಷ ತುಂಬುವವರೆಗೆ ತಂದೆತಾಯಿಯರೇ ಸಹಜ ಪೋಷಕರು. ಆ ವಯಸ್ಸು ದಾಟಿದ ಮೇಲೆ, ಅಂಗವೈಕಲ್ಯ ಎಷ್ಟೇ ತೀವ್ರವಾಗಿದ್ದರೂ, ಮಗ ಅಥವಾ ಮಗಳು ಕಾನೂನಿನ ದೃಷ್ಟಿಯಲ್ಲಿ ವಯಸ್ಕರು. ಅವರ ಖಾತೆಯಿಂದ ಹಣ ತೆಗೆಯುವ ಅಧಿಕಾರ ಹೆತ್ತ ತಾಯಿಗೂ ತಾನಾಗಿ ಉಳಿಯುವುದಿಲ್ಲ. 2009ರಲ್ಲಿ ಆರಂಭವಾದ ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲ ಪಿಂಚಣಿ ಯೋಜನೆಯು ಬಡತನ ರೇಖೆಗಿಂತ ಕೆಳಗಿರುವ, ಶೇಕಡ 80ರಷ್ಟು ಅಥವಾ ಹೆಚ್ಚಿನ ವೈಕಲ್ಯವುಳ್ಳ ವಯಸ್ಕರಿಗೆ ಮೀಸಲಾಗಿದೆ. ಹೀಗಾಗಿ ಮಾಸಾಶನಕ್ಕೆ ಅರ್ಹತೆ ಬರುವ ವಯಸ್ಸು ಮತ್ತು ತಂದೆತಾಯಿಯರ ಅಧಿಕಾರ ಮುಗಿಯುವ ವಯಸ್ಸು ಒಂದೇ ಆಗಿವೆ.

ನೇಮಕ

ಪೋಷಕರನ್ನು ನೇಮಿಸುವುದು ಸ್ಥಳೀಯ ಮಟ್ಟದ ಸಮಿತಿ. ಸಾಮಾನ್ಯವಾಗಿ ಜಿಲ್ಲೆಗೊಂದರಂತೆ ಇರುವ ಈ ಸಮಿತಿಯಲ್ಲಿ ಜಿಲ್ಲಾಧಿಕಾರಿ, ನೋಂದಾಯಿತ ಸಂಸ್ಥೆಯ ಪ್ರತಿನಿಧಿ ಮತ್ತು ಒಬ್ಬ ಅಂಗವಿಕಲ ವ್ಯಕ್ತಿ ಇರುತ್ತಾರೆ. ತಂದೆತಾಯಿ, ಬಂಧುಗಳು ಅಥವಾ ನೋಂದಾಯಿತ ಸಂಸ್ಥೆ ಅರ್ಜಿ ಸಲ್ಲಿಸಬಹುದು. ಆ ವ್ಯಕ್ತಿಗೆ ಪೋಷಕರ ಅಗತ್ಯವಿದೆಯೇ, ಇದ್ದರೆ ಯಾವ ವಿಷಯಗಳಿಗೆ ಎಂಬುದನ್ನು ಸಮಿತಿ ಪರಿಶೀಲಿಸಬೇಕು. ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗಿಲ್ಲವೆಂಬುದೇ ಈ ವ್ಯವಸ್ಥೆಯ ದೊಡ್ಡ ಅನುಕೂಲ. ಖಾತೆ ತೆರೆಯಲು ಮತ್ತು ನಡೆಸಲು ಸಮಿತಿಯ ಪ್ರಮಾಣಪತ್ರವನ್ನು ಬ್ಯಾಂಕುಗಳು ಒಪ್ಪಬಹುದೆಂದು ಭಾರತೀಯ ರಿಸರ್ವ್ ಬ್ಯಾಂಕ್ ತಿಳಿಸಿದೆ.

ಲೆಕ್ಕಪತ್ರ ಮತ್ತು ಹೊಣೆ

ಪೋಷಕರು ಹಣವನ್ನು ನಿರ್ವಹಿಸುತ್ತಾರೆಯೇ ಹೊರತು ಅದರ ಒಡೆಯರಾಗುವುದಿಲ್ಲ. ನೇಮಕವಾದ ಆರು ತಿಂಗಳೊಳಗೆ ತಮ್ಮ ವಶಕ್ಕೆ ಬಂದ ಸ್ಥಿರ ಹಾಗೂ ಚರ ಆಸ್ತಿ, ಬರಬೇಕಾದ ಬಾಕಿ ಮತ್ತು ಸಾಲಗಳ ಪಟ್ಟಿಯನ್ನು ಅವರು ಸಲ್ಲಿಸಬೇಕು. ಬಳಿಕ ಪ್ರತಿ ಆರ್ಥಿಕ ವರ್ಷ ಮುಗಿದ ಮೂರು ತಿಂಗಳೊಳಗೆ, ಅಂದರೆ ಜೂನ್ ಅಂತ್ಯದೊಳಗೆ, ಬಂದ ಹಣ, ಖರ್ಚು ಮತ್ತು ಉಳಿಕೆಯ ಲೆಕ್ಕ ಕೊಡಬೇಕು. ಒಂದೇ ಒಲೆಯಲ್ಲಿ ಅಡುಗೆಯಾಗುವ ಮನೆಯಲ್ಲಿ ಒಬ್ಬರ ಪಾಲಿನ ಖರ್ಚನ್ನು ಬೇರ್ಪಡಿಸುವುದು ಸುಲಭವಲ್ಲ. ಆದ್ದರಿಂದ ಮಾಸಾಶನವನ್ನು ಪ್ರತ್ಯೇಕ ಖಾತೆಯಲ್ಲಿಟ್ಟು, ಔಷಧಿ, ಬಟ್ಟೆ, ಚಿಕಿತ್ಸೆಯ ರಸೀದಿಗಳನ್ನು ಕಾಯ್ದಿರಿಸುವುದು ಪೋಷಕರಿಗೇ ರಕ್ಷಣೆ. ವ್ಯಕ್ತಿಯನ್ನು ಹಿಂಸಿಸಿದರೆ, ಕಡೆಗಣಿಸಿದರೆ ಅಥವಾ ಆಸ್ತಿಯನ್ನು ದುರುಪಯೋಗಪಡಿಸಿಕೊಂಡರೆ ತಂದೆತಾಯಿ, ಬಂಧುಗಳು ಅಥವಾ ನೋಂದಾಯಿತ ಸಂಸ್ಥೆ ದೂರು ನೀಡಬಹುದು. ಸಮಿತಿಯು ವಿಚಾರಣೆ ನಡೆಸಿ, ಕಾರಣವನ್ನು ಲಿಖಿತವಾಗಿ ದಾಖಲಿಸಿ ಪೋಷಕರನ್ನು ತೆಗೆದುಹಾಕಬಹುದು.

ಸೀಮಿತ ಪೋಷಕತ್ವ

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ ಧೋರಣೆ ಇದಕ್ಕಿಂತ ಭಿನ್ನವಾಗಿದೆ. ಅದರ 14ನೇ ಕಲಮಿನ ಸೀಮಿತ ಪೋಷಕತ್ವವು ಜಂಟಿ ನಿರ್ಧಾರದ ವ್ಯವಸ್ಥೆಯಾಗಿದ್ದು, ನಿರ್ದಿಷ್ಟ ಅವಧಿಗೆ ಮತ್ತು ನಿರ್ದಿಷ್ಟ ನಿರ್ಧಾರಕ್ಕೆ ಮಾತ್ರ ಸಲ್ಲುತ್ತದೆ. ಆ ವ್ಯಕ್ತಿಯ ಇಚ್ಛೆಗೆ ಅನುಗುಣವಾಗಿಯೇ ನಡೆಯಬೇಕು. ಹಣಕಾಸಿನ ವ್ಯವಹಾರದಲ್ಲಿ ನೆರವು ನೀಡುವವರ ಸ್ವಂತ ಹಿತಾಸಕ್ತಿ ಅಡ್ಡಬಂದರೆ ಅವರು ಆ ವ್ಯವಹಾರದಿಂದ ದೂರವಿರಬೇಕೆಂದು 13ನೇ ಕಲಮು ಹೇಳುತ್ತದೆ. ಮಾನಸಿಕ ಕಾಯಿಲೆಯುಳ್ಳವರು ನ್ಯಾಷನಲ್ ಟ್ರಸ್ಟ್ ಕಾಯ್ದೆಯ ವ್ಯಾಪ್ತಿಗೆ ಬಾರದ ಕಾರಣ ಅವರಿಗೆ ಈ ಮಾರ್ಗವೇ ಮುಖ್ಯ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ನಾಮನಿರ್ದೇಶಿತ ಪ್ರತಿನಿಧಿಗೆ ಚಿಕಿತ್ಸೆಯ ವಿಷಯದಲ್ಲಿ ಪಾತ್ರವಿದೆಯೇ ವಿನಾ ಹಣದ ಮೇಲೆ ಅಧಿಕಾರವಿಲ್ಲ. ಕೋಮಾ ಸ್ಥಿತಿಯಲ್ಲಿರುವವರ ಕುಟುಂಬಗಳು ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿನ ಮೊರೆಹೋಗುತ್ತವೆ.