ಅಂಗಳದ ಪೊದೆಗಳೂ ಅವುಗಳ ಅತಿಥಿಗಳೂ

ಹೂದೋಟವೆಂದರೆ ಕ್ರೋಟನ್ನು ಗಿಡಗಳ ಸಾಲೆಂದೇ ನಾವು ಬಹುಕಾಲ ನಂಬಿದ್ದೆವು. ನೋಟಕ್ಕೆ ಅವು ಚೆಲುವೇ ಸರಿ. ಆದರೆ ಚಿಟ್ಟೆಯು ಮಧುವನ್ನು ಎಲ್ಲಿಯಾದರೂ ಹೀರೀತು, ಮೊಟ್ಟೆಯಿಡುವಾಗ ಮಾತ್ರ ತನ್ನ ಮರಿಯು ಉಣ್ಣಬಲ್ಲ ಗಿಡವನ್ನೇ ಅರಸುತ್ತದೆ. ಎಕ್ಕದ ಹಾಲು ವಿಷ. ಆದರೂ ಕಿತ್ತಳೆ ಬಣ್ಣದ ಒಂದು ಚಿಟ್ಟೆಯ ಹುಳುವು ಆ ಎಲೆಯನ್ನೇ ತಿಂದು, ವಿಷವನ್ನು ಮೈಯಲ್ಲಿ ಕೂಡಿಟ್ಟುಕೊಳ್ಳುವುದರಿಂದ ಹಕ್ಕಿಗಳು ಅದನ್ನು ಮುಟ್ಟಲು ಅಳುಕುತ್ತವೆ. ಕೇಪಳದ ಹೂವು ಸೂರಕ್ಕಿಗೆ, ಹಣ್ಣು ಪಿಕಳಾರಕ್ಕೆ.

ನಮ್ಮ ಹಿತ್ತಲಿನ ಕರಿಬೇವಿನೆಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ತೋರಿದುದನ್ನು ಒಮ್ಮೆ ಕಡ್ಡಿಯಿಂದ ಕೆಡವಿದೆವು. ಅದು ಕಪ್ಪು ಚಿಟ್ಟೆಯ ಎಳೆಯ ಹುಳುವೆಂದು ತಿಳಿದುದು ತಡವಾಗಿ. ಕೇಳುವವರು ನಗಬಹುದು: ಈಗ ಒಗ್ಗರಣೆಗೊಂದು ಗಿಡ, ಹುಳುಗಳಿಗೊಂದು ಗಿಡ. ಔಷಧವನ್ನು ಎರಡಕ್ಕೂ ಸಿಂಪಡಿಸುವುದಿಲ್ಲ.